ಊಟಾ ಅಂದರೆ ಏಳಬೇಡಿ

ಜನರನ್ನು ಅಡವಿ ತೋರಿಸಲು ಕರೆದುಕೊಂಡು ಹೋಗುವುದಕ್ಕೂ ಪಗಾರ ಕೊಡುತ್ತಾರೆಯೇ ಎಂದು ನನ್ನ ತಮ್ಮ ಬಹಳ ವರ್ಷ ಚೇಷ್ಟೆ ಮಾಡಿದ. ಕೊಡುತ್ತಿದ್ದರು. ಜೋಗೇಶ್ವರಿಯ ಒಂದು ಫೌಂಟನ್ ಪೆನ್ ಕಾರ್ಖಾನೆಯಲ್ಲಿ ನಾನು ವೆಲ್ಫೇರ್ ಅಸಿಸ್ಟೆಂಟ್ ಆಗಿದ್ದೆ. ಕ್ಯಾಂಟೀನು, ಕೈಕೂಸುಗಳ ಕೋಣೆ, ಜ್ವರದ ಗುಳಿಗೆ, ಅತ್ತೆ-ಸೊಸೆ ಜಗಳ, ಇವೆಲ್ಲದರ ಜೊತೆಗೆ ವರ್ಷಕ್ಕೆ ಎರಡು ಸಲ ಕಾರ್ಮಿಕರ ಟ್ರಿಪ್ಪೂ ನನ್ನ ತಲೆಯ ಮೇಲೇ ಇತ್ತು. ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ಮೊದಲ ವರ್ಷ ಇದೇ ಕೆಲಸ ಅಂಟಿಸುತ್ತಾರಂತೆ. ಅವರು ಮುಖ ಸಣ್ಣದು ಮಾಡಿಕೊಳ್ಳುತ್ತಾರಂತೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಬಡ್ತಿ ಸಿಕ್ಕದ್ದು, ಕುರ್ಚಿ ಬದಲಾದದ್ದು ಯಾರಿಗೂ ಬೇಡ. ನಾನು ಮಾಡಿದ ತಪ್ಪುಗಳನ್ನು ಹೇಳುತ್ತೇನೆ, ಅವು ನಿಮಗೆ ಹೆಚ್ಚು ಉಪಯೋಗಕ್ಕೆ ಬಂದಾವು.

ಧಾರವಾಡದಲ್ಲಿ ಬಿ.ಎ. ಮುಗಿಸಿ, ಅರವತ್ತರ ದಶಕದ ಕೊನೆಗೆ ಗೋರೆಗಾಂವಿನ ಸೋದರಮಾವನ ಮನೆಗೆ ಬಂದವಳು ನಾನು. ಮರಾಠಿ ಬರುತ್ತಿತ್ತು, ಇಂಗ್ಲಿಷ್ ಓದಲು ಬರುತ್ತಿತ್ತು, ಹಿಂದಿ ಧೈರ್ಯದ ಮೇಲೆ ನಡೆಯುತ್ತಿತ್ತು. ನನ್ನ ಮೊದಲ ಟ್ರಿಪ್ಪು ಬೊರಿವಲಿಯ ಕಾಯ್ದಿಟ್ಟ ಅರಣ್ಯಕ್ಕೆ. ಅಸೆಂಬ್ಲಿ ವಿಭಾಗದ ಗಂಡಸರು, ಎಪ್ಪತ್ತು ಜನ. ಮೂರು ಭಾಷೆಗಳಲ್ಲಿ ಚೆಂದದ ಅಕ್ಷರದಲ್ಲಿ ನೋಟಿಸು ಬರೆದು ಹಚ್ಚಿದೆ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಎಲ್ಲರೂ ಬೊರಿವಲಿ ಸ್ಟೇಶನ್ನಿನ ಹೊರಗೆ ಸೇರತಕ್ಕದ್ದು.

ಯಾವ ಹೊರಗೆ? ಮುಂಬಯಿಯ ಸ್ಟೇಶನ್ನಿಗೆ ಎರಡು ಹೊರಗಿರುತ್ತವೆ, ಪೂರ್ವ ಮತ್ತು ಪಶ್ಚಿಮ. ಧಾರವಾಡದಲ್ಲಿ ಒಂದೇ ಇತ್ತು. ಅರ್ಧ ಜನ ಪೂರ್ವಕ್ಕೆ ನಿಂತು ಪಶ್ಚಿಮದವರನ್ನು ಬೈದರು, ಅರ್ಧ ಜನ ಪಶ್ಚಿಮಕ್ಕೆ ನಿಂತು ಪೂರ್ವದವರನ್ನು ಬೈದರು. ವಿಷಯ ತಿಳಿದು ನಾನು ಒಂದು ಸೇತುವೆ ಹತ್ತಿ ಪಶ್ಚಿಮಕ್ಕೆ ಓಡಿದೆ. ಅಷ್ಟರಲ್ಲಿ ಅಲ್ಲಿಯವರು ಇನ್ನೊಂದು ಸೇತುವೆ ಹತ್ತಿ ಪೂರ್ವಕ್ಕೆ ಬಂದಿದ್ದರು. ಕೊನೆಗೆ ಎಲ್ಲರೂ ಕೂಡಿ ನನ್ನೊಬ್ಬಳನ್ನು ಹುಡುಕಿದರು. ಹತ್ತು ಗಂಟೆಗೆ ಹೊರಟೆವು.

ಸೋಮವಾರ ಮಿಸ್ತ್ರಿ ಸಾಹೇಬರು ಕರೆಸಿದರು. ಅವರು ನಮ್ಮ ಪರ್ಸೊನೆಲ್ ಆಫೀಸರು, ವಯಸ್ಸಾದ ಪಾರ್ಸಿ. ಸಿಟ್ಟು ಬಂದರೆ ದನಿ ಇನ್ನೂ ಮೆಲ್ಲಗಾಗುತ್ತಿತ್ತು. ನನ್ನನ್ನು ದೀಕ್ರಿ, ಅಂದರೆ ಮಗಳೇ, ಎನ್ನುತ್ತಿದ್ದರು.

“ದೀಕ್ರಿ, ಆ ಜಾಗಕ್ಕೆ ನೀನು ಮೊದಲು ಹೋಗಿ ಬಂದಿದ್ದೆಯಾ?”

“ಇಲ್ಲ ಸರ್. ನಕ್ಷೆ ನೋಡಿದ್ದೆ.”

“ನಕ್ಷೆಗೆ ಬಾಯಾರಿಕೆ ಆಗುವುದಿಲ್ಲ. ಇನ್ನು ಮೇಲೆ ಹಿಂದಿನ ಭಾನುವಾರ ನೀನೊಬ್ಬಳೇ ಪೂರ್ತಿ ನಡೆದು ಬಾ. ಆಮೇಲೆ ಜನರನ್ನು ನಡೆಸು.”

ನನ್ನ ಇಡೀ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ಪಾಠವನ್ನು ನಾನು ಕಲಿಯಲಿಲ್ಲ. ಆಮೇಲೆ ಪ್ರತಿ ಟ್ರಿಪ್ಪಿಗೂ ಒಂದು ವಾರ ಮೊದಲು ಕೈಗಡಿಯಾರ, ಛತ್ರಿ, ಒಂದು ನೋಟುಬುಕ್ಕು ಹಿಡಿದು ಹೋಗುತ್ತಿದ್ದೆ. ಹನ್ನೆರಡು ಗಂಟೆಗೆ ನೆರಳು ಎಲ್ಲಿ ಬೀಳುತ್ತದೆ, ನೀರು ಎಲ್ಲಿದೆ, ಮಂಗಗಳು ಯಾವ ಮರದ ಮೇಲಿರುತ್ತವೆ, ಮುದುಕರಿಗೆ ಎಲ್ಲಿ ದಮ್ಮು ಹತ್ತುತ್ತದೆ, ಹೆಂಗಸರು ಮರೆಗೆ ಹೋಗಬೇಕಾದರೆ ಎಲ್ಲಿಗೆ ಹೋಗಬೇಕು. ಈ ಕೊನೆಯದನ್ನು ಯಾವ ಗಂಡಸೂ ಬರೆದುಕೊಂಡದ್ದನ್ನು ನಾನು ಕಂಡಿಲ್ಲ. ನೀವು ಬರೆದುಕೊಳ್ಳಿ.

ಹೆಂಗಸರ ಟ್ರಿಪ್ಪು ಶುರುವಾದದ್ದು ಎರಡು ವರ್ಷದ ಮೇಲೆ. ನಿಬ್ಬು ಪರೀಕ್ಷೆ ಮಾಡುವ ವಿಭಾಗದಲ್ಲಿ ಅರವತ್ತೆರಡು ಜನ ಹೆಂಗಸರಿದ್ದರು. ನಿಬ್ಬನ್ನು ಮಸಿಯಲ್ಲಿ ಅದ್ದಿ, ಕಾಗದದ ಮೇಲೆ ಎಂಟರ ಅಂಕಿ ಬರೆದು, ಗೀಚಿದರೆ ಬೇರೆ, ಜಾರಿದರೆ ಬೇರೆ ಎಂದು ವಿಂಗಡಿಸುವುದು ಅವರ ಕೆಲಸ. ದಿನವಿಡೀ ಎಂಟು ಬರೆಯುತ್ತಿದ್ದರು, ಅವರಲ್ಲಿ ಬಹಳ ಜನರಿಗೆ ಬೇರೆ ಅಕ್ಷರ ಬರುತ್ತಿರಲಿಲ್ಲ. ಬಲಗೈಯ ಮೂರು ಬೆರಳು ಯಾವಾಗಲೂ ನೀಲಿ. ಎಷ್ಟು ತೊಳೆದರೂ ಹೋಗದ ನೀಲಿ ಅದು. ಅರ್ಧಕ್ಕಿಂತ ಹೆಚ್ಚಿನವರು ರತ್ನಾಗಿರಿ, ಸಾತಾರಾ ಕಡೆಯ ಮರಾಠಿಯವರು. ಇಪ್ಪತ್ತು ಜನ ನಮ್ಮ ಬಿಜಾಪುರ, ಬಾಗಲಕೋಟೆ ಕಡೆಯವರು. ಇವರ ಕನ್ನಡವನ್ನು ಮರಾಠಿಯವರು ಕಾನಡಿ ಅನ್ನುತ್ತಿದ್ದರು. ಗಂಡಸರಿಗೆ ಟ್ರಿಪ್ಪು ಇದ್ದರೆ ನಮಗೇಕಿಲ್ಲ ಎಂದು ಅವರು ಕೇಳಿದರು. ಮಿಸ್ತ್ರಿ ಸಾಹೇಬರು ಒಪ್ಪಿದರು, ಆದರೆ ಕರಾರು ಹಾಕಿದರು. “ಅರವತ್ತೆರಡು ಹೋಗಬೇಕು, ಅರವತ್ತೆರಡು ಬರಬೇಕು. ಒಂದು ಕಡಿಮೆಯಾದರೂ ಹೆಂಗಸರ ಟ್ರಿಪ್ಪು ಅಲ್ಲಿಗೆ ಮುಗಿಯಿತು. ನಾನು ಮಾಲೀಕರಿಗೆ ಮಾತು ಕೊಟ್ಟಿದ್ದೇನೆ.”

ಅವರ ಮನೆಯವರನ್ನು ಒಪ್ಪಿಸಲು ನಾನು ಒಂದೊಂದೇ ಚಾಳ್ ತಿರುಗಿದೆ. ಒಬ್ಬ ಅತ್ತೆ ಕೇಳಿದಳು, “ಅಡವಿಯೊಳಗ ಏನೈತಿ ಅಂತ ಹೋಗ್ತೀರಿ?”

“ಏನೂ ಇಲ್ಲರಿ. ಅದಕ್ಕ ಹೊಂಟೇವಿ,” ಅಂದೆ.

ಹಾಗಾದರೆ ದೀಪ ಹಚ್ಚುವುದರೊಳಗೆ ಬರಬೇಕು ಅಂದಳು ಮುದುಕಿ. ಅದೇ ಮಾತನ್ನು ಎಲ್ಲರ ಮನೆಯಲ್ಲೂ ಕೊಟ್ಟೆ. ಸಂಜೆ ಐದರ ಒಳಗಿನ ಲೋಕಲ್ ಗಾಡಿ ಹಿಡಿದರೆ ಮಾತು ಉಳಿಯುತ್ತಿತ್ತು.

ಅರವತ್ತೆರಡನ್ನು ಎಣಿಸುವುದು ಹೇಗೆ? ತಲೆ ಎಣಿಸಿದರೆ ತಲೆಗಳು ಅಲ್ಲಾಡುತ್ತವೆ. ನಾನೊಂದು ಉಪಾಯ ಮಾಡಿದೆ. ಕಾರ್ಖಾನೆಯಲ್ಲಿ ರಿಜೆಕ್ಟ್ ಆದ ಪೆನ್ನಿನ ಟೊಪ್ಪಿಗೆಗಳು ಬುಟ್ಟಿಗಟ್ಟಲೆ ಬೀಳುತ್ತಿದ್ದವು, ಕ್ಲಿಪ್ಪಿನ ಸಮೇತ. ಬೊರಿವಲಿಯಲ್ಲಿ ಇಳಿದ ಕೂಡಲೇ ಒಬ್ಬೊಬ್ಬಳಿಗೆ ಒಂದು ಕೆಂಪು ಟೊಪ್ಪಿಗೆ ಕೊಟ್ಟು ಸೆರಗಿಗೆ ಸಿಕ್ಕಿಸಿಕೊಳ್ಳಲು ಹೇಳುವುದು. ಸಂಜೆ ಸ್ಟೇಶನ್ನಿನಲ್ಲಿ ಅವಳು ಅದನ್ನು ನನ್ನ ಚೀಲಕ್ಕೆ ಹಾಕಿಯೇ ಗಾಡಿ ಹತ್ತಬೇಕು. ಟೊಪ್ಪಿಗೆ ಅಲ್ಲಾಡುವುದಿಲ್ಲ, ಎಣಿಸಬಹುದು. ಈ ಉಪಾಯಕ್ಕೆ ನನಗೆ ನಾನೇ ಬೆನ್ನು ಚಪ್ಪರಿಸಿಕೊಂಡಿದ್ದೆ.

ಈಗ ಶೇವಂತಾಬಾಯಿಯ ಮಾತು. ಸಾತಾರಾ ಕಡೆಯವಳು, ಮೂವತ್ತೈದರ ವಯಸ್ಸು. ವಿಭಾಗದಲ್ಲಿ ಅವಳಷ್ಟು ಚುರುಕು ಕೈ ಯಾರದೂ ಇರಲಿಲ್ಲ, ಅವಳಷ್ಟು ಕಡಿಮೆ ಮಾತೂ ಯಾರದೂ ಇರಲಿಲ್ಲ. ಟ್ರಿಪ್ಪಿನ ನೋಟಿಸು ಹಚ್ಚಿದ ದಿನ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಅವಳು ಮರಾಠಿಯಲ್ಲಿ ಆಡಿದ್ದನ್ನು ಕನ್ನಡದಲ್ಲೇ ಬರೆಯುತ್ತೇನೆ.

“ಬಾಯಿ, ಕಾನ್ಹೇರಿಯ ಲೇಣಿಗೆ ಹೋಗುತ್ತೇವಲ್ಲ?”

ಲೇಣಿ ಎಂದರೆ ಬಂಡೆಯಲ್ಲಿ ಕೊರೆದ ಗುಹೆಗಳು. ಆ ಅಡವಿಯ ಒಳಗೇ, ಗುಡ್ಡದ ಮೇಲಿವೆ. ಹಿಂದೆ ಬೌದ್ಧ ಭಿಕ್ಷುಗಳು ಇದ್ದ ಜಾಗ. ನಾನು ಹಿಂದಿನ ಭಾನುವಾರ ನಡೆದು ನೋಡಿದ್ದೆ. ತೊರೆಯ ದಂಡೆಯಲ್ಲಿ ಊಟ ಮಾಡಿ ಅಲ್ಲಿಂದ ಗುಹೆಗೆ ಹೋಗಿ ಬರಲು ಎರಡು ತಾಸಿನ ಮೇಲೆ ಬೇಕು. ಐದರ ಗಾಡಿ ತಪ್ಪುತ್ತದೆ.

“ಈ ಸಲ ಆಗುವುದಿಲ್ಲ ಶೇವಂತಾಬಾಯಿ. ವೇಳೆ ಸಾಲದು.”

“ಹತ್ತು ವರ್ಷ ಆಯಿತು ಬಾಯಿ, ಇಲ್ಲಿಗೆ ಬಂದು. ಲೋಕಲಿನಲ್ಲಿ ಅರ್ಧ ತಾಸು. ಒಂದು ಸಲವೂ ನೋಡಿಲ್ಲ.” ಇಷ್ಟು ಹೇಳಿ ಹೋಗಿ ಎಂಟು ಬರೆಯುತ್ತ ಕೂತಳು. ಅವಳ ಮನೆಯವರೆಲ್ಲ ಕೆಲವು ವರ್ಷದ ಹಿಂದೆ ಬೌದ್ಧ ಧರ್ಮಕ್ಕೆ ಸೇರಿದವರು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ವೇಳಾಪತ್ರಿಕೆಯನ್ನೇ ನೋಡಿದೆ.

ಆ ಸಲದ ಅಡಿಗೆಯನ್ನು ಕನ್ನಡದ ಹೆಂಗಸರು ತಾವೇ ಮೇಲೆ ಬಿದ್ದು ವಹಿಸಿಕೊಂಡರು. ಮುಂದಾಳು ಬಾಗಲಕೋಟೆಯ ಗಂಗವ್ವ. ಎತ್ತರದ ಹೆಂಗಸು, ದನಿ ಅದಕ್ಕಿಂತ ಎತ್ತರ. ಮುಂಬಯಿಗೆ ಬಂದು ವರ್ಷವಾಗಿತ್ತು, ಮರಾಠಿಯ ನಾಲ್ಕು ಶಬ್ದವೂ ಹತ್ತಿರಲಿಲ್ಲ. ಎರಡು ದಿನ ಮೊದಲೇ ಕಟಕ ರೊಟ್ಟಿ ತಟ್ಟಿಟ್ಟರು. ಎಣಗಾಯಿ, ಶೇಂಗಾ ಚಟ್ನಿ, ಮೊಸರನ್ನ. “ಮರಾಠಿ ಮಂದಿ ಮೊದಲ ಪಂಕ್ತಿಗೆ ಕೂಡಲಿ ಬಾಯಾರ. ಅವರು ನಮ್ಮ ಬೀಗರು ಇದ್ದಂಗ. ನಾವು ಬಡಿಸಿ ಆಮ್ಯಾಲೆ ಉಣ್ತೀವಿ,” ಎಂದು ಗಂಗವ್ವ ನನಗೇ ಅಪ್ಪಣೆ ಕೊಟ್ಟಳು. ನನಗೆ ಬಹಳ ಸಂತೋಷವಾಯಿತು.

ಮುತ್ತುಗದ ಹೂವಿನ ಕಾಲ. ಅರವತ್ತೆರಡು ಜನ ಹೆಂಗಸರು ಗೇಟು ದಾಟಿದ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಡೆದರು. ಯಾಕೆಂದು ಕೇಳಿದರೆ, ಮಣ್ಣು ತುಳಿಯದೆ ಎಷ್ಟು ದಿನ ಆಯಿತು ಬಾಯಿ ಅಂದರು. ತೊರೆಯಲ್ಲಿ ಮೊಣಕಾಲಿನ ತನಕ ಇಳಿದು ಒಬ್ಬರ ಮೇಲೊಬ್ಬರು ನೀರು ಎರಚಿದರು. ಐವತ್ತು ದಾಟಿದ ಒಬ್ಬಳು ಮರ ಹತ್ತಿ ಕೂತು ಇಳಿಯಲೊಲ್ಲೆ ಅಂದಳು. ಅವರ ಇಷ್ಟು ನಗುವನ್ನು ಆ ವಿಭಾಗದ ನಾಲ್ಕು ಗೋಡೆಗಳು ಎಂದೂ ಕೇಳಿರಲಿಲ್ಲ.

ಹನ್ನೆರಡಕ್ಕೆ ಪತ್ರಾವಳಿ ಹಾಸಿದೆವು. ಶೇವಂತಾಬಾಯಿ ಮತ್ತು ಹತ್ತು ಹನ್ನೆರಡು ಮಂದಿ ಬಂದು ಸಾಲಾಗಿ ಕೂತರು, ಅವಳು ಮೊದಲ ಎಲೆಗೆ. ಉಳಿದವರು ಇನ್ನೂ ನೀರಿನಲ್ಲೇ ಇದ್ದರು. ಗಂಗವ್ವ ರೊಟ್ಟಿಯ ಗಂಟು ಸೊಂಟದ ಮೇಲಿಟ್ಟುಕೊಂಡು ಬಂದು, ಆ ಸಾಲಿನ ಎದುರಿಗೇ ನಿಂತು, ತೊರೆಯ ಕಡೆಯವರಿಗೆ ಕೇಳಿಸಲಿ ಎಂದು ಕೈ ಮೇಲೆತ್ತಿ ಬೀಸುತ್ತ ಕೂಗಿದಳು. “ಊಟಾ! ಊಟಾರೀ, ಊಟಾ!”

ನಾನು ಮಜ್ಜಿಗೆಯ ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದೆ. ಕೂತವರಲ್ಲಿ ಕೆಲವರು ಅರ್ಧ ಎದ್ದರು, ಅತ್ತಿತ್ತ ನೋಡಿದರು, ರೊಟ್ಟಿ ಎಲೆಗೆ ಬಿದ್ದ ಮೇಲೆ ನಕ್ಕು ಮತ್ತೆ ಕೂತರು. ಇದನ್ನು ಕಣ್ಣಿನ ಅಂಚಿನಲ್ಲಿ ಕಂಡೆ, ಮನಸ್ಸಿಗೆ ತಂದುಕೊಳ್ಳಲಿಲ್ಲ. ಬಡಿಸುತ್ತ ಮೊದಲ ಎಲೆಗೆ ಬಂದರೆ ಅಲ್ಲಿ ಯಾರೂ ಇಲ್ಲ. ಖಾಲಿ ಎಲೆಯ ನಟ್ಟನಡುವೆ ಒಂದು ಕೆಂಪು ಟೊಪ್ಪಿಗೆ ಇತ್ತು.

ಆಗ ನನಗೆ ಒಮ್ಮೆಲೇ ತಿಳಿಯಿತು. ಮರಾಠಿಯಲ್ಲಿ ಉಠಾ ಎಂದರೆ ಏಳಿ ಎಂದು. ಪಂಕ್ತಿಗೆ ಕೂತವರ ಎದುರು ನಿಂತು ಕೈ ಮೇಲೆತ್ತಿ ಗಂಗವ್ವ ಏಳಿ, ಏಳಿ ಅಂದಿದ್ದಳು. ಎರಡೂ ಭಾಷೆ ಚೆನ್ನಾಗಿ ಬಲ್ಲವಳು ಅಲ್ಲಿ ನಾನೊಬ್ಬಳೇ. ನನ್ನ ಕಿವಿಗೆ ಅದು ಬೀಳಲೇ ಇಲ್ಲ. ಯಾಕೆ ಬೀಳಲಿಲ್ಲ ಎಂದು ಬಹಳ ದಿನ ಯೋಚಿಸಿದ್ದೇನೆ. ಕುಲಕರ್ಣಿಯವರ ಮನೆಯ ಮಗಳಾದ ನನಗೆ ಹುಟ್ಟಿದಂದಿನಿಂದ ಯಾರೂ ಎಲೆಯ ಮುಂದಿನಿಂದ ಏಳು ಅಂದಿರಲಿಲ್ಲ, ಅದಕ್ಕೆ.

“ನಾ ಊಟಾ ಅಂದೆ ಅಷ್ಟ ರೀ ಬಾಯಾರ,” ನಾನು ಅರ್ಥ ಹೇಳಿದಾಗ ಗಂಗವ್ವನ ದನಿ ಮೊದಲ ಸಲ ಸಣ್ಣದಾಯಿತು. “ನಮ್ಮವ್ವನಾಣಿ, ಊಟಾ ಅಂದೆ ಅಷ್ಟ.”

“ನೀನೂ ಬಾ. ಬುತ್ತಿ ಕಟ್ಟಿಕೋ,” ಅಂದೆ.

ಎಲ್ಲಿಗೆ ಹೋಗಿರಬಹುದು ಎಂದು ಕೇಳಬೇಕಾಗಿರಲಿಲ್ಲ. ಉಳಿದವರಿಗೆ ತೊರೆ ಬಿಟ್ಟು ಕದಲಬೇಡಿ ಎಂದು ಹೇಳಿ ನಾವಿಬ್ಬರು ಗುಡ್ಡದ ದಾರಿ ಹಿಡಿದೆವು. ಸಾಗವಾನಿಯ ಒಣ ಎಲೆ ಕಾಲ ಕೆಳಗೆ ಕರಕರ ಅನ್ನುತ್ತಿತ್ತು. ನನ್ನ ತಲೆಯಲ್ಲಿ ಐದರ ಗಾಡಿ, ಅರವತ್ತೆರಡು, ಮಿಸ್ತ್ರಿ ಸಾಹೇಬರ ಮೆಲ್ಲನೆಯ ದನಿ. ಅರ್ಧ ದಾರಿಯ ಮೇಲೆ ಅವೆಲ್ಲ ಹಿಂದಾಗಿ, ಆ ಖಾಲಿ ಎಲೆಯೊಂದೇ ಉಳಿಯಿತು. ಗಂಗವ್ವ ದಾರಿಯುದ್ದಕ್ಕೂ ಬುತ್ತಿಯನ್ನು ಎದೆಗೆ ಅವಚಿಕೊಂಡು ನಡೆದಳು.

ಗುಹೆಗಳ ಹತ್ತಿರ ಒಬ್ಬ ಮುದುಕ ಪಹರೆಯವನಿದ್ದ. ಒಬ್ಬಳೇ ಬಂದ ಹೆಂಗಸನ್ನು ಕಂಡಿರಾ ಎಂದೆ. “ಬೆರಳು ನೀಲಿ ಇರುವವಳೇ? ದೊಡ್ಡ ಲೇಣಿಯಲ್ಲಿ ಕೈಮುಗಿದು ಸ್ವಲ್ಪ ಹೊತ್ತು ಕೂತಿದ್ದಳು. ಈಗ ಆ ಕಡೆ ಇದ್ದಾಳೆ,” ಎಂದು ತೋರಿಸಿದ.

ಅದು ಉದ್ದನೆಯ, ತಗ್ಗಾದ ಗುಹೆ. ಒಳಗೆ ಬಂಡೆಯಲ್ಲೇ ಕಡೆದ ಎರಡು ಉದ್ದ ಕಟ್ಟೆಗಳು, ಎದುರುಬದುರು, ಮೊಣಕಾಲೆತ್ತರವೂ ಇಲ್ಲ. ಒಂದರ ತುದಿಯಲ್ಲಿ ಶೇವಂತಾಬಾಯಿ ಕೂತಿದ್ದಳು. ನಮ್ಮನ್ನು ನೋಡಿ ಗಾಬರಿಯಾಗಲಿಲ್ಲ.

“ಏಳು ಅಂದರು, ಎದ್ದೆ ಬಾಯಿ. ನನಗೇನು ಹೊಸದಲ್ಲ. ಎಂಟು ವರ್ಷದವಳಿದ್ದಾಗ ಊರಲ್ಲಿ ಒಂದು ಮದುವೆ. ಗೆಳತಿಯರ ಜೊತೆ ಗೊತ್ತಿಲ್ಲದೆ ಪಂಕ್ತಿಯಲ್ಲಿ ಕೂತಿದ್ದೆ. ಉಠಾ ಅಂದರು. ಕೈಯಲ್ಲಿ ಬುಂದಿ ಇತ್ತು. ಆಯಿ ಬಂದು ನನ್ನನ್ನು ಎತ್ತಿಕೊಂಡು ಹೋದಳು. ಬುಂದಿ ಅಲ್ಲೇ ಚೆಲ್ಲಿಸಿದಳು. ಕಾರ್ಖಾನೆಯಲ್ಲಿ ಎಲ್ಲರ ಬೆರಳೂ ನೀಲಿ, ಇಲ್ಲಿ ಹಾಗಾಗುವುದಿಲ್ಲ ಅಂದುಕೊಂಡಿದ್ದೆ. ಎದ್ದು ಹೋಗುವವಳು ಬೇರೆ ಎಲ್ಲಿಗೆ ಹೋಗಲಿ? ಇದೊಂದು ಜಾಗ ನಮ್ಮದು ಅನ್ನಿಸಿತು, ಬಂದೆ.”

ನಾನು ಅರ್ಥ ಬಿಡಿಸಿ ಹೇಳಲು ಬಾಯಿ ತೆರೆದೆ. ಗಂಗವ್ವ ನನ್ನನ್ನು ಕೈಯಿಂದ ಪಕ್ಕಕ್ಕೆ ಸರಿಸಿದಳು. ಮಾತು ಅರ್ಥವಾಗದಿದ್ದರೂ ಮುಖ ಅರ್ಥವಾಗಿತ್ತು. ಶೇವಂತಾಬಾಯಿಯ ಎದುರಿನ ಕಟ್ಟೆಯ ಮೇಲಲ್ಲ, ಅವಳ ಪಕ್ಕಕ್ಕೇ ಮೈಗೆ ಮೈ ತಾಗಿ ಕೂತಳು. ಬುತ್ತಿ ಬಿಚ್ಚಿದಳು. ರೊಟ್ಟಿ ಮುರಿದು, ಬದನೆಕಾಯಿ ಇಟ್ಟು, ಅವಳ ಬಾಯಿಯ ಹತ್ತಿರ ಹಿಡಿದು ಮೆಲ್ಲಗೆ ಅಂದಳು. “ಊಟಾ ಯಕ್ಕಾ. ಊಟಾ.” ಇನ್ನೊಂದು ಕೈಯಿಂದ ಕಲ್ಲನ್ನು ತಟ್ಟಿ, ಕೂಡು, ಕೂಡು ಎಂದು ತೋರಿಸಿದಳು.

ಶೇವಂತಾಬಾಯಿ ನನ್ನ ಕಡೆ ತಿರುಗಿದಳು. “ಏನನ್ನುತ್ತಾಳೆ ಇವಳು?”

“ಜೇವಣ ಅನ್ನುತ್ತಾಳೆ. ಕನ್ನಡದಲ್ಲಿ ಜೇವಣಕ್ಕೆ ಊಟ ಅಂತಾರೆ. ಆಗಲೂ ಅದನ್ನೇ ಅಂದಳು.”

ಅವಳು ಆ ತುತ್ತನ್ನು ನೋಡಿದಳು. ಆಮೇಲೆ ಬಾಯಿ ತೆರೆದಳು. ಅಗಿಯುತ್ತ ಅಗಿಯುತ್ತ ಅತ್ತಳು, ಅಳುತ್ತಲೇ ಅಂದಳು. “ಎಂಥ ಭಾಷೆ ಬಾಯಿ ನಿಮ್ಮದು. ಊಟಕ್ಕೆ ಕರೆದು ಎಬ್ಬಿಸುತ್ತದೆ.”

ಇದನ್ನು ಗಂಗವ್ವನಿಗೆ ಹೇಳಿದೆ. ಅವಳೂ ಕಣ್ಣೊರೆಸಿಕೊಂಡು ಅಂದಳು. “ಅವರದೇನ ಕಡಿಮಿ ಐತೇನ್ರೀ? ಅವರು ಏಳ್ರಿ ಅಂತ ಬೈದ್ರ ನಾವು ಎಲಿ ಹಾಸಕೊಂಡ ಕೂಡತಿದ್ವಿ.”

ನಗು ಬಂತು, ಮೂವರಿಗೂ. ಪಹರೆಯವನು ಬಂದು ಇಣುಕಿದ. ಊಟ ನೋಡಿ ಬೈಯುತ್ತಾನೇನೋ ಎಂದುಕೊಂಡೆ. ಅವನು ಕಟ್ಟೆ ತೋರಿಸಿ, “ಭಿಕ್ಷುಗಳು ಇಲ್ಲೇ ಸಾಲಾಗಿ ಕೂತು ಉಣ್ಣುತ್ತಿದ್ದರು ಅಂತ ಕೆಲವರು ಹೇಳುತ್ತಾರೆ, ಓದುತ್ತಿದ್ದರು ಅಂತ ಕೆಲವರು. ನೀವು ಚೂರು ಚೆಲ್ಲಬೇಡಿ, ಮಂಗ ಬರುತ್ತವೆ,” ಎಂದು ಹೋದ. ಹೊರಡುವಾಗ ನಾನು ಶೇವಂತಾಬಾಯಿಯ ಕ್ಷಮೆ ಕೇಳಿದೆ, ಶಬ್ದಕ್ಕಲ್ಲ, ಲೇಣಿಯನ್ನು ಪಟ್ಟಿಯಿಂದ ಬಿಟ್ಟದ್ದಕ್ಕೆ. ಅವಳು ಹೂಂ ಅಂದಳು. ನಾನು ಎಲೆಯ ಮೇಲಿಂದ ಎತ್ತಿ ತಂದಿದ್ದ ಕೆಂಪು ಟೊಪ್ಪಿಗೆಯನ್ನು ಗಂಗವ್ವ ತನ್ನ ಕೈಯಿಂದಲೇ ಅವಳ ಸೆರಗಿಗೆ ಸಿಕ್ಕಿಸಿದಳು. ಮೂವರೂ ಇಳಿಜಾರಿನಲ್ಲಿ ಓಡುತ್ತ ಬಂದೆವು. ಗಾಡಿ ಸಿಕ್ಕಿತು. ಚೀಲದಲ್ಲಿ ಅರವತ್ತೆರಡು ಟೊಪ್ಪಿಗೆ ಇದ್ದವು.

ಸೋಮವಾರ ಮಿಸ್ತ್ರಿ ಸಾಹೇಬರು ಕೇಳಿದರು, “ಅರವತ್ತೆರಡು?”

“ಅರವತ್ತೆರಡು ಸರ್.”

“ಹಾಗಾದರೆ ಹೇಳುವುದೇನೂ ಇಲ್ಲ.”

ಇತ್ತು. ಕೂತು ಎಲ್ಲ ಹೇಳಿದೆ, ಖಾಲಿ ಎಲೆಯನ್ನೂ ಬಿಡಲಿಲ್ಲ. ಹೆಂಗಸರ ಟ್ರಿಪ್ಪು ಹೋಯಿತು ಎಂದೇ ತಿಳಿದಿದ್ದೆ. ಅವರು ಕನ್ನಡಕ ತೆಗೆದು ಒರೆಸಿದರು. “ಜಾಗವನ್ನು ಮೊದಲೇ ನಡೆದು ನೋಡು ಅಂದಿದ್ದೆ, ದೀಕ್ರಿ. ಮುಂದಿನ ವರ್ಷ ಶಬ್ದಗಳನ್ನೂ ಒಮ್ಮೆ ನಡೆದು ನೋಡಿ ಬಾ.” ಮುಂದಿನ ವರ್ಷ ಎಂಬ ಮಾತು ಕಿವಿಗೆ ಬಿದ್ದಾಗ ನನಗಾದ ಆನಂದ, ಆಮೇಲೆ ಸಿಕ್ಕ ಯಾವ ಬಡ್ತಿಯ ಕಾಗದದಿಂದಲೂ ಆಗಲಿಲ್ಲ.

ಮುಂದಿನ ವರ್ಷದಿಂದ ಪದ್ಧತಿ ಬದಲಾಯಿತು. ಪಟ್ಟಿಯನ್ನು ನಾನೊಬ್ಬಳೇ ಮಾಡುವುದನ್ನು ಬಿಟ್ಟೆ. ವಿಭಾಗದಿಂದ ಐದು ಜನ ಕೂತು ಮಾಡತೊಡಗಿದರು, ಶೇವಂತಾಬಾಯಿಯೂ ಒಬ್ಬಳು. ಬೆಳಿಗ್ಗೆ ತಂಪಿನಲ್ಲೇ ಲೇಣಿ, ಆಮೇಲೆ ತೊರೆ ಎಂದು ಅವಳೇ ತಿರುವಿ ಹಾಕಿದಳು. ಅಷ್ಟು ಸುಲಭದ ಉಪಾಯ ನನಗೆ ಹೊಳೆದಿರಲಿಲ್ಲ. ಎಪ್ಪತ್ತರ ದಶಕ ನಡುವಿಗೆ ಬರುವಷ್ಟರಲ್ಲಿ ಬಾಡಿಗೆ ಬಸ್ಸುಗಳು ಬಂದವು, ಲೋಕಲಿನ ತಾಪತ್ರಯ ತಪ್ಪಿತು. ಟೊಪ್ಪಿಗೆ ಮಾತ್ರ ಬಿಡಲಿಲ್ಲ. ಬಾಲ್‌ಪೆನ್ನು ಬಂದು ನಿಬ್ಬಿನ ವಿಭಾಗ ಸಣ್ಣದಾಗುತ್ತ ಹೋಯಿತು. ಅರವತ್ತೆರಡು ನಲವತ್ತಾಯಿತು, ಮೂವತ್ತಾಯಿತು. ಆದರೂ ಹೋಗುತ್ತಿದ್ದೆವು.

ನಾನು ಆ ವಿಭಾಗದೊಂದಿಗೆ ಹೋದ ಕೊನೆಯ ಟ್ರಿಪ್ಪು ಕಣ್ಣಿಗೆ ಕಟ್ಟಿದಂತಿದೆ. ಅದೇ ತೊರೆ, ಅದೇ ಮರದ ನೆರಳು. ಗಂಗವ್ವ ತಲೆ ನರೆತಿದ್ದರೂ ಅದೇ ದನಿಯಲ್ಲಿ ಕೂಗಿದಳು, ಊಟಾ, ಊಟಾ. ಪಂಕ್ತಿಯ ಕೊನೆಯಲ್ಲಿ ಹೊಸದಾಗಿ ಸೇರಿದ ಒಬ್ಬ ಕೊಲ್ಹಾಪುರದ ಹುಡುಗಿ ಕೂತಿದ್ದಳು. ಮುಖ ಕೆಂಪಾಗಿ, ಸೀರೆ ಒಟ್ಟುಮಾಡಿಕೊಂಡು ಎದ್ದೇಬಿಟ್ಟಳು. ನಾನು ಸೌಟು ಇಟ್ಟು ಅವಳ ಕಡೆಗೆ ಓಡಿದೆ.

ನನಗಿಂತ ಮೊದಲೇ ಪಕ್ಕದ ಎಲೆಯಿಂದ ಒಂದು ನೀಲಿ ಬೆರಳಿನ ಕೈ ಅವಳ ಸೆರಗು ಹಿಡಿದು ಎಳೆದು ಕೂರಿಸಿತು.

“ಬಸ್ ಗ ಪೋರಿ, ಕೂತುಕೋ,” ಶೇವಂತಾಬಾಯಿ ಅವಳ ಎಲೆಗೆ ತನ್ನ ರೊಟ್ಟಿಯ ಅರ್ಧ ಹಾಕುತ್ತ ಹೇಳುತ್ತಿದ್ದಳು. “ಅವಳು ಊಟಾ ಅಂದರೆ ಏಳಬಾರದು. ನಮ್ಮ ಕಾನಡಿಯಲ್ಲಿ ಹಾಗಂದರೆ, ಬಾ, ನನ್ನ ಪಕ್ಕ ಕೂತು ತಿನ್ನು ಅಂತ.”

ನಮ್ಮ ಕಾನಡಿ, ಅಂದಳು. ನಾನು ತಿರುಗಿ ಹೋಗಿ ಸೌಟು ಹಿಡಿದೆ.